ಪುಸ್ತಕದ ಬಿಡುಗಡೆ

'ಬಿಡುಗಡೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಸೆರೆಮನೆಯೋ ಪಂಜರವೋ ನೆನಪಾಗುತ್ತದೆ. ಕಟ್ಟಿನಲ್ಲಿದ್ದುದು ಕಟ್ಟನ್ನು ಕಳಚಿಕೊಂಡು ಹೊರಬರುವುದೇ ಬಿಡುಗಡೆ. ಹೊಸ ಪುಸ್ತಕವೊಂದು ಮೊದಲ ಬಾರಿಗೆ ಜನರ ಮುಂದೆ ಬರುವ ಸಮಾರಂಭವನ್ನೂ ನಾವು ಇದೇ ಹೆಸರಿನಿಂದ ಕರೆಯುತ್ತೇವೆ. ಹಾಗಾದರೆ ಪುಸ್ತಕವನ್ನು ಕಟ್ಟಿಹಾಕಿದವರು ಯಾರು? ಅದನ್ನು ಬಿಡಿಸುವವರು ಯಾರು? ಇಂತಹ ಸಮಾರಂಭಗಳಿಗೆ ಹಲವು ವರ್ಷ ಹೋಗಿ ಬಂದರೂ ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೂಡಿರಲಿಲ್ಲ. ಅದನ್ನು ಮೂಡಿಸಿ, ಉತ್ತರವನ್ನೂ ಕಲಿಸಿದವನು ಮುಳಬಾಗಿಲು ಸೀಮೆಯ ಒಬ್ಬ ಹುಡುಗ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ - ಈ ಊರುಗಳಲ್ಲಿ ಯಾವುದಕ್ಕೆ ಹೋದರೂ ಪುಸ್ತಕ ಬಿಡುಗಡೆಯ ಕ್ರಮ ಸುಮಾರಾಗಿ ಒಂದೇ. ಶಾಲೆಯ ಸಭಾಂಗಣದಲ್ಲೋ ಸಮುದಾಯ ಭವನದಲ್ಲೋ ಜನ ಸೇರುತ್ತಾರೆ. ಬಾಗಿಲ ಬಳಿ ಒಂದು ಮೇಜಿನ ಮೇಲೆ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟಿರುತ್ತಾರೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಮುಗಿದ ಮೇಲೆ ಬಣ್ಣದ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಪುಸ್ತಕಗಳನ್ನು ತಟ್ಟೆಯಲ್ಲಿ ತರುತ್ತಾರೆ. ಮುಖ್ಯ ಅತಿಥಿಗಳು ದಾರವನ್ನು ಬಿಚ್ಚಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಸಭೆಗೆ ತೋರಿಸುತ್ತಾರೆ. ಚಪ್ಪಾಳೆಯಾಗುತ್ತದೆ. ಬಳಿಕ ಒಬ್ಬರು ಕೃತಿಯನ್ನು ಪರಿಚಯಿಸುತ್ತಾರೆ, ಲೇಖಕರು ನಾಲ್ಕು ಮಾತನಾಡುತ್ತಾರೆ, ಅಧ್ಯಕ್ಷರು ಹರಸುತ್ತಾರೆ. ಶಾಲು, ಹಾರ, ವಂದನಾರ್ಪಣೆಗಳೊಡನೆ ಸಭೆ ಮುಗಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮಗುವಿನ ನಾಮಕರಣಕ್ಕೆ ಸಡಗರವಿರುವಂತೆ ಪುಸ್ತಕಕ್ಕೂ ಇರಬಹುದು. ಆದರೆ ನಾಮಕರಣದ ಮರುದಿನದಿಂದ ಮಗುವನ್ನು ಎತ್ತಿ ಆಡಿಸುವವರು ಬೇಕಲ್ಲವೆ?

ನಮ್ಮ ಹಿರಿಯರು ಈ ಮಾತನ್ನು ಚೆನ್ನಾಗಿ ಅರಿತಿದ್ದರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಬರೆಯಿಸಿ ಹಂಚಿಸಿದಳು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಪ್ರತಿಯೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಾಗಿತ್ತು. ಕಾವ್ಯವೊಂದು ಓದುಗರನ್ನು ತಲುಪಲೆಂದು ಪಟ್ಟ ಶ್ರಮ ಎಷ್ಟೆಂಬುದನ್ನು ಊಹಿಸಿಕೊಳ್ಳಬೇಕು. ಓದು ಬಾರದವರಿಗೆ ಗಮಕಿಗಳು ಊರ ಗುಡಿಯ ಜಗಲಿಯಲ್ಲಿ ಭಾರತ, ರಾಮಾಯಣಗಳನ್ನು ವಾಚಿಸಿ ಕಿವಿಯ ಮೂಲಕವೇ ಕಾವ್ಯವನ್ನು ಮುಟ್ಟಿಸಿದರು. ಅಚ್ಚಿನ ಕಾಲ ಬಂದಾಗ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕವಿ ಜಿ. ಪಿ. ರಾಜರತ್ನಂ ಅವರೂ ಕನ್ನಡ ಪುಸ್ತಕವನ್ನು ಜನರ ಕೈಗೆ ಕೊಡುವುದನ್ನು ಒಂದು ಸೇವೆಯೆಂದೇ ಭಾವಿಸಿದ್ದರು.

ಕೋಲಾರದ ನೆಲಕ್ಕೂ ಈ ಪರಂಪರೆಯಲ್ಲಿ ಪಾಲುಂಟು. 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಜನಿಸಿದರು. 'ಮಂಕುತಿಮ್ಮನ ಕಗ್ಗ'ದ ಕರ್ತೃ ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಆಸಕ್ತರ ಮುಂದೆ ಭಗವದ್ಗೀತೆಯನ್ನು ಕುರಿತು ಅವರು ನೀಡಿದ ಉಪನ್ಯಾಸಗಳೇ ಮುಂದೆ 'ಜೀವನಧರ್ಮಯೋಗ' ಎಂಬ ಗ್ರಂಥವಾಗಿ ರೂಪುಗೊಂಡುವು. ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇಲ್ಲಿ ಪುಸ್ತಕ ಬಂದ ಮೇಲೆ ಸಭೆ ಸೇರಲಿಲ್ಲ. ಸಭೆಯಿಂದಲೇ ಪುಸ್ತಕ ಬಂದಿತು. ಬರೆಯುವವನಿಗೂ ಕೇಳುವವನಿಗೂ ನಡುವಣ ಸಂಬಂಧ ಎಷ್ಟು ಫಲವತ್ತಾದುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದನ್ನೆಲ್ಲ ನಾನು ತರಗತಿಯಲ್ಲಿ ಪಾಠ ಹೇಳಿದವನೇ. ಆದರೂ ಒಮ್ಮೆ ಎಡವಿದೆನು.

ಸುಮಾರು 15 ವರ್ಷಗಳ ಹಿಂದಿನ ಮಾತು. ಮುಳಬಾಗಿಲಿನಲ್ಲಿ ನಮ್ಮ ಸೀಮೆಯ ಕೆರೆಗಳನ್ನು ಕುರಿತ ಪುಸ್ತಕವೊಂದು ಬಿಡುಗಡೆಯಾಗುವುದಿತ್ತು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದ ಜನಕ್ಕೆ ಕೆರೆಯೇ ಜೀವಾಳ. ತರುಣ ಲೇಖಕರೊಬ್ಬರು ಊರೂರು ಅಲೆದು, ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳ ವಿವರವನ್ನು ಸಂಗ್ರಹಿಸಿ ಬರೆದಿದ್ದರು. ಕೃತಿಯನ್ನು ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಪುಸ್ತಕ ಹತ್ತು ದಿನ ಮುಂಚೆಯೇ ಕೈಸೇರಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳ ನೆಪದಲ್ಲಿ ದಿನಗಳು ಸರಿದುವು. ಹೊರಡುವ ದಿನ ಬಸ್ಸಿನಲ್ಲಿ ಕುಳಿತು ಮುನ್ನುಡಿಯನ್ನೂ ಪರಿವಿಡಿಯನ್ನೂ ಓದಿಕೊಂಡೆನು, ಅಷ್ಟೆ.

ಅಂದು ಮುಖ್ಯ ಅತಿಥಿಗಳು ಬರುವುದು ತಡವಾಗಿ, ಸಭೆ ಒಂದೂವರೆ ಗಂಟೆ ಹಿಂದೆ ಬಿದ್ದಿತು. ಕೆಲವರು ಹೊರಗೆ ಹೋಗಿ ಕಾಫಿ ಕುಡಿದು ಬಂದರು, ಕೆಲವರು ಹರಟಿದರು. ಕೊನೆಗೆ ಕಾರ್ಯಕ್ರಮ ಆರಂಭವಾಗಿ ನನ್ನ ಸರದಿ ಬಂದಾಗ ಅರ್ಧ ಗಂಟೆ ಮಾತನಾಡಿದೆನು. ಕೆರೆ ಕಟ್ಟಿಸಿದ ಪೂರ್ವಿಕರ ದೂರದೃಷ್ಟಿಯನ್ನು ಹೊಗಳಿದೆನು. ಹೂಳು ತುಂಬಿದ ಇಂದಿನ ಕೆರೆಗಳಿಗಾಗಿ ಮರುಗಿದೆನು. ಲೇಖಕರ ಪರಿಶ್ರಮವನ್ನು ಕೊಂಡಾಡಿದೆನು. ಆ ಮಾತುಗಳನ್ನು ಕೆರೆಯ ಮೇಲಿನ ಯಾವ ಪುಸ್ತಕಕ್ಕಾದರೂ ಆಡಬಹುದಾಗಿತ್ತು. ಚಪ್ಪಾಳೆಯಂತೂ ಜೋರಾಗಿಯೇ ಬಿದ್ದಿತು.

ಕಾರ್ಯಕ್ರಮದ ಕೊನೆಯಲ್ಲಿ ಸಂಘಟಕರು, "ಯಾರಾದರೂ ಏನಾದರೂ ಕೇಳುವುದಿದೆಯೆ?" ಎಂದರು. ಸಭೆ ಸುಮ್ಮನಿತ್ತು. ಹಿಂದಿನ ಸಾಲಿನಿಂದ ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗನೊಬ್ಬ ಎದ್ದು ನಿಂತನು. ಒಂಬತ್ತನೆಯ ತರಗತಿಯವನಂತೆ. ಅವನು ನನ್ನನ್ನೇ ನೋಡಿ, "ಸಾರ್, ನೀರು ಹಂಚುವುದರ ಬಗ್ಗೆ ಈ ಪುಸ್ತಕದಲ್ಲಿ ಒಂದು ಅಧ್ಯಾಯವಿದೆಯಲ್ಲ, ಅದರಲ್ಲಿ ನಮ್ಮ ಊರಿನ ಕೆರೆಯ ವಿಚಾರ ಬರೆದಿದ್ದಾರೆ. ಅದು ಸರಿ ಅಂತೀರಾ?" ಎಂದು ಕೇಳಿದನು.

ಆ ಅಧ್ಯಾಯದ ಹೆಸರು ನನಗೆ ಗೊತ್ತಿತ್ತು. ಅದರ ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. "ಇದಕ್ಕೆ ಲೇಖಕರೇ ಉತ್ತರ ಹೇಳುವುದು ಉಚಿತ" ಎಂದು ಮೈಕನ್ನು ಅವರ ಕಡೆಗೆ ಸರಿಸಿದೆನು. ಸಭೆ ಅದನ್ನು ವಿನಯವೆಂದು ತಿಳಿಯಿತು. ಅದೇನೆಂಬುದು ನನಗೆ ಮಾತ್ರ ಗೊತ್ತಿತ್ತು.

ಹುಡುಗನು ಮುಂದುವರಿಸಿದನು: "ನೀರು ಕಡಿಮೆಯಾದ ವರ್ಷ ತೂಬಿನ ಹತ್ತಿರದ ಗದ್ದೆಯವರಿಗೆ ಮಾತ್ರ ಬೆಳೆ, ದೂರದವರಿಗೆ ಇಲ್ಲ ಎಂದು ಬರೆದಿದ್ದೀರಿ. ನಮ್ಮ ತಾತ ನೀರುಗಂಟಿ. ಅಂಥ ವರ್ಷ ಹತ್ತಿರದ ಗದ್ದೆಗಳನ್ನೇ ಎಲ್ಲರಿಗೂ ಪಾಲು ಮಾಡಿ ಕೊಡುತ್ತಿದ್ದರಂತೆ. ದೂರದ ಗದ್ದೆಯವರೂ ತಮ್ಮ ಪಾಲಿನಷ್ಟು ಅಲ್ಲೇ ಬಿತ್ತುತ್ತಿದ್ದರಂತೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಆಗಷ್ಟೇ ಬಿಡುಗಡೆಯಾದ ಪುಸ್ತಕದಲ್ಲಿ ಹುಡುಗನೊಬ್ಬ ತಪ್ಪು ಹುಡುಕುವುದೆಂದರೇನು? ಆದರೆ ಲೇಖಕರು ಸಿಟ್ಟಾಗಲಿಲ್ಲ. ವೇದಿಕೆಯಿಂದ ಇಳಿದು ಹುಡುಗನ ಬಳಿಗೆ ಹೋದರು. ಜೇಬಿನಿಂದ ಲೇಖನಿ ತೆಗೆದು, ಬಣ್ಣದ ಕಾಗದದಿಂದ ಆಗತಾನೆ ಹೊರಬಂದಿದ್ದ ಪ್ರತಿಯ ಅಂಚಿನಲ್ಲಿಯೇ ಅವನ ಮಾತನ್ನು ಬರೆದುಕೊಂಡರು. "ನಿಮ್ಮ ತಾತನವರು ಇದ್ದಾರೆಯೆ? ನಾಳೆ ಬೆಳಗ್ಗೆ ಬಂದರೆ ಮಾತಿಗೆ ಸಿಗುವರೆ?" ಎಂದು ವಿಚಾರಿಸಿದರು. ಮರುದಿನ ಹೋದರು ಕೂಡ. ಎರಡನೆಯ ಮುದ್ರಣದಲ್ಲಿ ಆ ಭಾಗ ತಿದ್ದಿ ಬಂದಿತು. ವೃದ್ಧ ನೀರುಗಂಟಿಯ ಹೆಸರಿಗೆ ಕೃತಜ್ಞತೆಯೂ ಸೇರಿತು.

ಸಭೆ ಮುಗಿದ ಮೇಲೆ ನಾನು ಹುಡುಗನನ್ನು ಕರೆದು, "ಇಂದೇ ಹೊರಬಂದ ಪುಸ್ತಕವನ್ನು ನೀನು ಯಾವಾಗ ಓದಿದೆ, ಅಪ್ಪಾ?" ಎಂದೆನು. ಅವನು ಬಾಗಿಲ ಬಳಿಯ ಮೇಜನ್ನು ತೋರಿಸಿದನು. "ಕಾರ್ಯಕ್ರಮ ತಡವಾಯಿತಲ್ಲ, ಸಾರ್. ಅಲ್ಲೇ ನಿಂತುಕೊಂಡು ನಮ್ಮ ಊರಿನದ್ದು ಓದಿದೆ. ಕೊಳ್ಳುವುದಕ್ಕೆ ದುಡ್ಡು ಇರಲಿಲ್ಲ."

ನನ್ನ ಚೀಲದಲ್ಲಿದ್ದ ಪ್ರತಿಯನ್ನು ಅವನ ಕೈಗಿತ್ತೆನು. ಇನ್ನೊಂದನ್ನು ಕೊಂಡು ಮನೆಗೆ ಬಂದು, ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆನು. ಓದದೆ ಮಾತನಾಡಿದ ನನ್ನ ತಪ್ಪನ್ನು ಒಪ್ಪಿಕೊಂಡು ಲೇಖಕರಿಗೆ ಕಾಗದ ಬರೆದೆನು. ಅಂದಿನಿಂದ, ಓದದ ಪುಸ್ತಕದ ಬಗ್ಗೆ ಯಾವ ವೇದಿಕೆಯಲ್ಲಿಯೂ ಮಾತನಾಡಿಲ್ಲ.

ಅತಿಥಿಗಳು ದಾರ ಬಿಚ್ಚುವುದಕ್ಕೆ ಮೊದಲೇ, ಬಾಗಿಲ ಬಳಿ ನಿಂತು ಓದುತ್ತಿದ್ದ ಆ ಹುಡುಗ ಪುಸ್ತಕವನ್ನು ಬಿಡುಗಡೆ ಮಾಡಿಯಾಗಿತ್ತು. ವೇದಿಕೆಯ ಮೇಲೆ ಬಿಚ್ಚಿದ್ದು ಕಾಗದದ ಕಟ್ಟು ಮಾತ್ರ. ಓದದವನ ಕೈಯಲ್ಲಿರುವ ಪುಸ್ತಕ ಕಟ್ಟು ಬಿಚ್ಚಿದರೂ ಸೆರೆಯಲ್ಲಿಯೇ ಇರುತ್ತದೆ. ಅಂದು ನನ್ನ ಚೀಲದಲ್ಲಿದ್ದ ಪ್ರತಿಯ ಗತಿ ಅದೇ ಆಗಿತ್ತು.

ಲೇಖಕನು ಒಂಟಿಯಾಗಿ ಬರೆಯುತ್ತಾನೆ. ತಾನು ಕಂಡದ್ದು ಸರಿಯೆ, ಕೇಳಿದ್ದು ಪೂರ್ಣವೆ ಎಂಬ ಶಂಕೆ ಅವನನ್ನು ಬಿಡುವುದಿಲ್ಲ. ಚರಿತ್ರೆ, ಜೀವನಚರಿತ್ರೆ, ವಿಜ್ಞಾನ, ಊರಿನ ವೃತ್ತಾಂತ ಮೊದಲಾದ ಸಂಗತಿಗಳನ್ನು ಬರೆಯುವವರಿಗಂತೂ ಬಲ್ಲವರು ಎಲ್ಲಿರುವರೋ ತಿಳಿಯದು. ವಿದ್ವಾಂಸರ ಗ್ರಂಥದಲ್ಲಿ ಇಲ್ಲದ ತಿಳಿವು ನೀರುಗಂಟಿಯ ನೆನಪಿನಲ್ಲಿ ಇರಬಹುದು; ಮಾಲೂರಿನ ಹೆಂಚು ಮಾಡುವವರ ಕೈಯಲ್ಲಿ, ಶ್ರೀನಿವಾಸಪುರದ ಮಾವಿನ ತೋಟದವರ ಮಾತಿನಲ್ಲಿ ಇರಬಹುದು. ಇಂತಹ ಬಲ್ಲವರೂ ಬರೆದವರೂ ಮುಖಾಮುಖಿಯಾಗುವ ತಾಣವೇ ಪುಸ್ತಕ ಬಿಡುಗಡೆಯ ಸಭೆ. ಅಲ್ಲಿ ಹೊಗಳಿಕೆ ಮಾತ್ರ ಕೇಳಿಬಂದರೆ ಲೇಖಕನು ಬಂದಂತೆಯೇ ಹಿಂದಿರುಗುತ್ತಾನೆ. ಪ್ರಶ್ನೆ ಬಂದರೆ ಏನನ್ನಾದರೂ ಪಡೆದು ಹಿಂದಿರುಗುತ್ತಾನೆ.

ಆದುದರಿಂದ ನಿಮ್ಮ ಊರಿನಲ್ಲಿ ಪುಸ್ತಕವೊಂದು ಬಿಡುಗಡೆಯಾದಾಗ ಹಿಂಜರಿಯದೆ ಹೋಗಿರಿ. ಸಾಧ್ಯವಾದರೆ ಹತ್ತು ಪುಟಗಳನ್ನಾದರೂ ಓದಿಕೊಂಡು ಹೋಗಿರಿ. "ಈ ಸಂಗತಿ ನಿಮಗೆ ಹೇಗೆ ತಿಳಿಯಿತು?" ಎಂದು ಕೇಳಲು ಅಂಜಬೇಡಿರಿ, ಕತೆಯಾದರೆ "ಈ ಪಾತ್ರ ಹೀಗೇಕೆ ನಡೆದುಕೊಂಡಿತು?" ಎಂದು ಕೇಳಿರಿ. ಕೈಯಲ್ಲಿ ಹಣವಿಲ್ಲದಿದ್ದರೆ ಬಾಗಿಲ ಬಳಿಯ ಮೇಜಿನ ಪಕ್ಕದಲ್ಲಿ ನಿಂತು ಓದಿದರೂ ಅವಮಾನವಿಲ್ಲ. ಕೊನೆಯ ಗಂಟನ್ನು ಬಿಚ್ಚುವ ಅಧಿಕಾರ ಓದುವವನದು.

ಪದಗಳ ಅರ್ಥ
ಗಮಕಿ - ಕಾವ್ಯವನ್ನು ರಾಗವಾಗಿ ವಾಚಿಸುವವನು
ನೀರುಗಂಟಿ - ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು
ತೂಬು - ಕೆರೆಯಿಂದ ನೀರನ್ನು ಹೊರಬಿಡುವ ದ್ವಾರ
ಕೋಡಿ - ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕಡೆ
ಅಚ್ಚುಕಟ್ಟು - ಕೆರೆಯ ನೀರಿನಿಂದ ಸಾಗುವಳಿಯಾಗುವ ಭೂಮಿ

ಅಭ್ಯಾಸ
1. ಅತ್ತಿಮಬ್ಬೆಯು 'ಶಾಂತಿಪುರಾಣ'ಕ್ಕಾಗಿ ಮಾಡಿದ ಕಾರ್ಯವೇನು?
2. "ಸಭೆಯಿಂದಲೇ ಪುಸ್ತಕ ಬಂದಿತು" - ಈ ಮಾತನ್ನು ವಿವರಿಸಿರಿ.
3. "ಸಭೆ ಅದನ್ನು ವಿನಯವೆಂದು ತಿಳಿಯಿತು" - ಸಂದರ್ಭವನ್ನು ತಿಳಿಸಿ ಸ್ವಾರಸ್ಯವನ್ನು ಬರೆಯಿರಿ.
4. ಹುಡುಗನ ಮಾತಿಗೆ ಲೇಖಕರು ತೋರಿದ ಪ್ರತಿಕ್ರಿಯೆಯಿಂದ ಅವರ ಯಾವ ಗುಣ ವ್ಯಕ್ತವಾಗುತ್ತದೆ?
5. ನಿಮ್ಮ ಊರಿನ ಕೆರೆ, ಕಸಬು ಅಥವಾ ಬೆಳೆಯನ್ನು ಚೆನ್ನಾಗಿ ಬಲ್ಲ ಹಿರಿಯರೊಬ್ಬರನ್ನು ಕಂಡು ಮಾತನಾಡಿ, ತಿಳಿದ ಸಂಗತಿಗಳನ್ನು ಒಂದು ಪುಟದಲ್ಲಿ ಬರೆಯಿರಿ.