ಬೇಸಾಯದ ಲೇಖನಗಳನ್ನು ಓದಿ ಲಾಭ ಪಡೆಯುವ ಬಗೆ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತರಿಗೆ ಶೇಂಗಾ ಬೆಳೆಯ ಬಗ್ಗೆ ಓದಲು ಲೇಖನಗಳ ಕೊರತೆಯಿಲ್ಲ. ಆದರೆ ಎಲ್ಲವನ್ನೂ ಓದಲು ಬಿಡುವಿರುವುದಿಲ್ಲ. ಓದಿದ್ದೆಲ್ಲ ನಮ್ಮ ಹೊಲಕ್ಕೆ ಹೊಂದುವುದೂ ಇಲ್ಲ. ಒಂದು ಅಂಕಿಯನ್ನು ತಪ್ಪಾಗಿ ತಿಳಿದರೂ ಸಾಲ ತಂದ ಹಣ ಮಣ್ಣುಪಾಲಾಗಬಹುದು. ಆದ್ದರಿಂದ ಲೇಖನ ಕೈಗೆ ಬಂದೊಡನೆ ಈ ಕೆಳಗಿನ ಅಂಶಗಳನ್ನು ಗಮನಿಸಿರಿ.

1. ಯಾವ ಸೀಮೆಗೆ ಬರೆದದ್ದು?
ಈ ಎರಡೂ ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರಿವೆ. ನೀರಾವರಿ ಶೇಂಗಾಕ್ಕೆ ಹೇಳಿದ ಗೊಬ್ಬರದ ಪ್ರಮಾಣ ಮಳೆಯಾಶ್ರಿತ ಕೆಂಪು ಭೂಮಿಗೆ ಸಲ್ಲದು. ನೆರೆಯ ಅನಂತಪುರ ಸೀಮೆಯ ಮಳೆ, ಮಣ್ಣು ಬಹುಮಟ್ಟಿಗೆ ನಮ್ಮಂತೆಯೇ ಇರುವುದರಿಂದ ಅಲ್ಲಿನ ಒಣಬೇಸಾಯದ ಅನುಭವ ಓದಲು ಯೋಗ್ಯ.

2. ಎಕರೆಗೋ, ಹೆಕ್ಟೇರಿಗೋ?
ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಜಿಪ್ಸಂ ಹೆಕ್ಟೇರಿಗೆ 500 ಕಿ.ಗ್ರಾಂ ಎಂದಿದ್ದರೆ ಎಕರೆಗೆ 200 ಕಿ.ಗ್ರಾಂ, ಅಂದರೆ 50 ಕಿಲೋ ತೂಕದ 4 ಚೀಲ ಸಾಕು. ಅದನ್ನೇ ಎಕರೆಯ ಲೆಕ್ಕವೆಂದು ತಿಳಿದರೆ 10 ಚೀಲ ಕೊಳ್ಳಬೇಕಾದೀತು.

3. ಪೋಷಕಾಂಶವೋ, ಗೊಬ್ಬರವೋ?
ಹೆಕ್ಟೇರಿಗೆ 50 ಕಿ.ಗ್ರಾಂ ರಂಜಕ ಎಂದರೆ 50 ಕಿಲೋದ ಒಂದು ಚೀಲ ಗೊಬ್ಬರವಲ್ಲ. ಎಕರೆಗೆ 20 ಕಿ.ಗ್ರಾಂ ರಂಜಕ ಬೇಕಾಯಿತು. ಸೂಪರ್ ಫಾಸ್ಫೇಟಿನಲ್ಲಿ ಶೇ. 16ರಷ್ಟು ರಂಜಕವಿರುವುದರಿಂದ ಎಕರೆಗೆ 125 ಕಿ.ಗ್ರಾಂ, ಅಂದರೆ ಎರಡೂವರೆ ಚೀಲ ಹಾಕಬೇಕು.

4. ಯಾವ ವರ್ಷದ್ದು?
ಹಳೆಯ ಲೇಖನದಲ್ಲಿ ಸಾಲಿನ ಅಂತರ, ಬೀಜೋಪಚಾರದ ಕಾರಣಗಳು ಇಂದಿಗೂ ಉಪಯುಕ್ತ. ಔಷಧಿಯ ಹೆಸರು ಮಾತ್ರ ಹಾಗಲ್ಲ. ಹಿಂದೆ ಸುರುಳಿ ಪೂಚಿಗೂ ಇತರ ಕೀಟಗಳಿಗೂ ಹೇಳುತ್ತಿದ್ದ ಎಂಡೋಸಲ್ಫಾನ್ ಬಳಕೆಯನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಡೆಯಿತು. ತಳಿಯ ವಿಷಯವೂ ಅಷ್ಟೆ. ಟಿ.ಎಂ.ವಿ.-2 ತಳಿ 1940ರದು; ಅನಂತರ ಕದಿರಿ-6ರಂತಹ ತಳಿಗಳು ಬಂದಿವೆ. ಔಷಧಿ ಅಥವಾ ಬೀಜ ಕೊಳ್ಳುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

5. ಬರೆದಿಟ್ಟುಕೊಳ್ಳಿರಿ
ಒಂದು ನೋಟುಪುಸ್ತಕದಲ್ಲಿ ಬಿತ್ತನೆ, ಗೊಬ್ಬರ, ಕೀಟ-ರೋಗ, ಮಾರಾಟ ಎಂದು ನಾಲ್ಕು ಭಾಗ ಮಾಡಿರಿ. ಲೇಖನದಿಂದ ನಿಮಗೆ ಬೇಕಾದ ಎರಡು ಮೂರು ಮಾತುಗಳನ್ನು ಮಾತ್ರ, ಪತ್ರಿಕೆಯ ಹೆಸರು ಮತ್ತು ವರ್ಷದೊಡನೆ, ಬರೆಯಿರಿ. ಅರ್ಥವಾಗದ ಪದವಿದ್ದರೆ ಗುರುತು ಹಾಕಿ, ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕೇಳಿರಿ.

6. ಮೊದಲು ಐದು ಗುಂಟೆ
ಓದಿದ ಹೊಸ ಕ್ರಮವನ್ನು ಇಡೀ ಹೊಲಕ್ಕೆ ಒಮ್ಮೆಗೇ ಅಳವಡಿಸಬೇಡಿರಿ. ಐದು ಗುಂಟೆಯಲ್ಲಿ ಹೊಸ ಕ್ರಮ, ಪಕ್ಕದ ಐದು ಗುಂಟೆಯಲ್ಲಿ ನಿಮ್ಮ ರೂಢಿಯ ಕ್ರಮ ಇರಲಿ. ಬಿತ್ತಿದ ದಿನ, ಬಂದ ಮಳೆ, ತಗುಲಿದ ಖರ್ಚು, ಒಣಗಿಸಿದ ಕಾಯಿಯ ತೂಕ ಇವನ್ನು ಎರಡಕ್ಕೂ ಬೇರೆ ಬೇರೆ ಬರೆಯಿರಿ. ಹೆಚ್ಚಿದ ಇಳುವರಿಯ ಬೆಲೆ ಹೆಚ್ಚಿನ ಖರ್ಚನ್ನು ಮೀರಿದ್ದರೆ ಮಾತ್ರ ಮುಂದಿನ ವರ್ಷ ವಿಸ್ತರಿಸಿರಿ. ಮಳೆ ಕೈಕೊಟ್ಟ ವರ್ಷದ ಫಲಿತಾಂಶ ಒಂದನ್ನೇ ನೋಡಿ ತೀರ್ಮಾನಿಸದೆ ಇನ್ನೊಂದು ಹಂಗಾಮು ಪರೀಕ್ಷಿಸುವುದು ಒಳ್ಳೆಯದು.

ಊರಿನಲ್ಲಿ ನಾಲ್ಕಾರು ಮಂದಿ ಸೇರಿ ಪತ್ರಿಕೆಗಳನ್ನು ಹಂಚಿಕೊಂಡು ಓದಿದರೆ ಖರ್ಚು ಕಡಿಮೆ. ಓದು ಬಾರದ ನೆರೆಯವರಿಗೂ ಓದಿ ಹೇಳಿರಿ. ಅವರ ಹೊಲದ ಅನುಭವವನ್ನೂ ನಿಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳಿರಿ.