ಕಣ್ಣಿಗೂ ಒಂದು ಹಕ್ಕಿದೆ

ರಾತ್ರಿ ಎರಡು ಗಂಟೆ. ಮನೆಮಂದಿಯೆಲ್ಲ ಮಲಗಿದ್ದಾರೆ, ನಿಮಗೆ ಮಾತ್ರ ನಿದ್ರೆಯಿಲ್ಲ. ಸಾಲದ ಕಂತು, ಮಗಳ ಮದುವೆ, ಯಾರೋ ಆಡಿದ ಮಾತು ತಲೆಯೊಳಗೆ ಸುತ್ತುತ್ತಲೇ ಇವೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗುತ್ತಾ ಮೂರು ತಿಂಗಳು ಕಳೆದರೆ, ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದು ಈಮಾನಿನ ಕೊರತೆಯಲ್ಲ, ಚಿಕಿತ್ಸೆಯಿರುವ ತೊಂದರೆ.

ಕೆಲವರ ನಿದ್ರೆಯನ್ನು ದುಡಿಮೆಯೇ ಕಸಿಯುತ್ತದೆ. 1959ರಲ್ಲಿ ಉತ್ಪಾದನೆ ಆರಂಭಿಸಿದ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯೂ ಉಂಟು. ಹಳಿಯಾಳ, ಜೋಯಿಡಾ, ಮುಂಡಗೋಡದ ರೈತರು ಆನೆ, ಹಂದಿಗಳಿಂದ ಭತ್ತದ ಪೈರು ಉಳಿಸಲು ರಾತ್ರಿಯಿಡೀ ಗದ್ದೆ ಕಾಯುತ್ತಾರೆ. ಮೆದುಳಿನಲ್ಲೊಂದು ಗಡಿಯಾರವಿದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಿ ನಿದ್ರೆಗೆ ಸಿದ್ಧಗೊಳಿಸುತ್ತದೆ, ಬೆಳಕು ಅದನ್ನು ತಡೆಯುತ್ತದೆ. ಪಾಳಿ ಬದಲಾದಾಗ ಈ ಲೆಕ್ಕ ತಪ್ಪುತ್ತದೆ.

ಪವಿತ್ರ ಕುರ್‌ಆನಿನ ಅನ್ನಬಅ್ ಅಧ್ಯಾಯವು ನಿದ್ರೆಯನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಎಣಿಸಿದೆ. ಅರ್ರೂಮ್ ಅಧ್ಯಾಯದ 23ನೇ ಸೂಕ್ತವಂತೂ ರಾತ್ರಿಯ ನಿದ್ರೆಯೊಂದಿಗೆ ಹಗಲಿನ ನಿದ್ರೆಯನ್ನೂ ಅವನ ನಿದರ್ಶನಗಳಲ್ಲಿ ಸೇರಿಸಿದೆ. ಆದ್ದರಿಂದ ಪಾಳಿ ಮುಗಿಸಿ ಬಂದು ಹಗಲು ಮಲಗಿದವನನ್ನು ಸೋಮಾರಿ ಎನ್ನಬೇಡಿ. ಕಿಟಕಿಗೆ ದಪ್ಪ ಪರದೆ ಹಾಕಿ, ಮಕ್ಕಳ ಗದ್ದಲ ತಡೆಯಿರಿ. ಇದೂ ಒಂದು ಸತ್ಕರ್ಮವೇ.

ನಿತ್ಯ ಉಪವಾಸವಿದ್ದು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ, ದೇಹಕ್ಕೂ ಕಣ್ಣಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ತಿಳಿಹೇಳಿದರು. ಆರಾಧನೆಗೇ ಈ ಮಿತಿಯಿರುವಾಗ, ಮೊಬೈಲ್ ನೋಡುತ್ತಾ ಕಣ್ಣಿನ ಹಕ್ಕು ಕಸಿಯುವ ನಾವು ಏನು ಉತ್ತರಿಸೋಣ? ಇಶಾದ ನಂತರದ ಹರಟೆಯನ್ನೂ ಅವರು ಇಷ್ಟಪಡುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ನಿತ್ಯ ಒಂದೇ ಹೊತ್ತಿಗೆ ಏಳಿರಿ, ಫಜ್ರ್ ನಮಾಝ್ ಇದಕ್ಕೆ ನೆರವಾಗುತ್ತದೆ. ಅಸರ್‌ನ ಬಳಿಕ ಚಹಾ, ಕಾಫಿ ಬಿಡಿರಿ. ನಾಳೆಯ ಚಿಂತೆಗಳನ್ನು ಸಂಜೆಯೇ ಕಾಗದದಲ್ಲಿ ಬರೆದಿಡಿ. ವುಝೂ ಮಾಡಿ ಬಲಮಗ್ಗುಲಾಗಿ ಮಲಗುವುದು ಸುನ್ನತ್. ಮನೆಗೆಲಸದಿಂದ ಬಳಲಿದ್ದ ಮಗಳು ಫಾತಿಮಾ(ರ)ರಿಗೆ ಪ್ರವಾದಿವರ್ಯರು(ಸ) ಮಲಗುವಾಗ ಕಲಿಸಿದ್ದು 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್. ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮಲಗಿರಿ. ಗಡಿಯಾರ ನೋಡಬೇಡಿ.

ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ನುಂಗಬೇಡಿ, ಅದು ಚಟವಾಗಬಹುದು. ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯೇ ಇದಕ್ಕೆ ಮೊದಲ ಮದ್ದು. ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಅಥವಾ ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿರಿ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಪ್ರವಾದಿವರ್ಯರೇ(ಸ). ದುಆ ಮತ್ತು ಔಷಧಿ ಒಂದಕ್ಕೊಂದು ವಿರುದ್ಧವಲ್ಲ.

ನಿದ್ರೆಗೆಟ್ಟ ಪ್ರತಿಯೊಂದು ಮನೆಗೂ ಅಲ್ಲಾಹನು ನೆಮ್ಮದಿಯ ರಾತ್ರಿಗಳನ್ನು ಕರುಣಿಸಲಿ. ಆಮೀನ್.