ಕಾಯಕದ ಕೈಗೆ ತಕ್ಕ ಉಪಕರಣ: ಟ್ರ್ಯಾಕ್‌ಬಾಲ್ ಮೌಸ್‌ನ ಆಯ್ಕೆ ಮತ್ತು ಆರೈಕೆ



ಬಸವಾದಿ ಶರಣರು ಕಾಯಕಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟರು. ಕಾಯಕವನ್ನು ಮಾಡುವ ಕಾಯವನ್ನೂ ಪವಿತ್ರವೆಂದೇ ಕಂಡರು. ಆದುದರಿಂದ ದುಡಿಯುವ ದೇಹವನ್ನು ಕಾಪಾಡಿಕೊಳ್ಳುವುದು ಸ್ವಾರ್ಥವಲ್ಲ, ಅದೂ ಶರಣಧರ್ಮದ ಒಂದು ಭಾಗ. ಈ ತಿಂಗಳ ಆರೋಗ್ಯ ವಿಭಾಗದಲ್ಲಿ ನಾವು ದುಡಿಯುವ ಕೈಯ ಬಗೆಗೆ, ಅದರಲ್ಲೂ ಕಂಪ್ಯೂಟರಿನ ಮುಂದೆ ದುಡಿಯುವ ಕೈಯ ಬಗೆಗೆ ವಿಚಾರ ಮಾಡೋಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಸೀಮೆ ರೇಷ್ಮೆ, ಹಾಲು, ಟೊಮೇಟೊ, ಮಾವುಗಳ ಸೀಮೆ. ಹಾಲು ಕರೆಯುವ ಕೈ, ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೈ ನೋಯುವುದನ್ನು ನಮ್ಮ ಹಿರಿಯರು ಬಲ್ಲರು. ಆದರೆ ಈಗ ಅದೇ ಮನೆಗಳ ಮಕ್ಕಳು ತಾಲ್ಲೂಕು ಕಚೇರಿ, ನಾಡಕಚೇರಿ, ಗ್ರಾಮ ಪಂಚಾಯಿತಿ, ಬ್ಯಾಂಕುಗಳಲ್ಲಿಯೂ ಮಾಲೂರು, ನರಸಾಪುರಗಳ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳಲ್ಲಿಯೂ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಮಾಲೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇದೇ ಕೆಲಸ ಮಾಡುವವರೂ ಅನೇಕರಿದ್ದಾರೆ. 2000ದ ಆಸುಪಾಸಿನಲ್ಲಿ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಏರಿದವು. ಅಂದು ಶಾನುಭೋಗರ ಕೈಯಲ್ಲಿ ಲೇಖನಿ ಇತ್ತು, ಇಂದು ಆ ಕೆಲಸ ಮಾಡುವವರ ಕೈಯಲ್ಲಿ ಮೌಸ್ ಇದೆ.

ಇಂತಹ ಕಾಯಕದಲ್ಲಿರುವ ಭಕ್ತರಲ್ಲಿ ಕೆಲವರು ಮಠಕ್ಕೆ ಬಂದಾಗ ಒಂದೇ ಬಗೆಯ ತೊಂದರೆಯನ್ನು ಹೇಳಿಕೊಳ್ಳುತ್ತಾರೆ. ಸಂಜೆಯ ವೇಳೆಗೆ ಮಣಿಕಟ್ಟು ಭಾರವಾಗುತ್ತದೆ. ನಡುರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸ್ವಲ್ಪ ಹಗುರವಾಗುತ್ತದೆ. ಬೆಳಗಿನ ಇಷ್ಟಲಿಂಗ ಪೂಜೆಯಲ್ಲಿ ಬಲಗೈಯಿಂದ ಒಂದು ಪತ್ರೆಯನ್ನು ಎತ್ತಿ ಅರ್ಪಿಸಲೂ ಬೆರಳು ಹಿಡಿತಕ್ಕೆ ಬರುವುದಿಲ್ಲ. ಆದರೂ ಕಚೇರಿಯಲ್ಲಿ ಅವರು ಬಾಯಿ ಬಿಡುವುದಿಲ್ಲ. ಅನೇಕರದು ಗುತ್ತಿಗೆಯ ನೌಕರಿ. ಕೈನೋವೆಂದರೆ ಕೆಲಸ ತಪ್ಪೀತೆಂಬ ಅಂಜಿಕೆ. ಹೀಗೆ ಮುಚ್ಚಿಟ್ಟ ನೋವು ವರ್ಷಗಳ ಮೇಲೆ ಕೈಯ ಶಕ್ತಿಯನ್ನೇ ಕಸಿದುಕೊಳ್ಳಬಹುದು ಎಂಬುದನ್ನು ಮೊದಲೇ ತಿಳಿಸುವುದು ನಮ್ಮ ಉದ್ದೇಶ.

ಮಣಿಕಟ್ಟಿನೊಳಗೆ ನಡೆಯುವುದೇನು?

ಮಣಿಕಟ್ಟಿನ ಒಳಬದಿಯಲ್ಲಿ ಮೂಳೆಗಳೂ ಒಂದು ಗಟ್ಟಿಯಾದ ಪಟ್ಟಿಯೂ ಸೇರಿ ಒಂದು ಕಿರಿದಾದ ದಾರಿಯನ್ನು ಮಾಡಿವೆ. ಇದಕ್ಕೆ ವೈದ್ಯರು ಕಾರ್ಪಲ್ ಟನಲ್ ಎನ್ನುತ್ತಾರೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ಒಂದು ನರ ಈ ದಾರಿಯಲ್ಲಿಯೇ ಹಾದುಹೋಗಬೇಕು. ಮಣಿಕಟ್ಟು ಬಹು ಹೊತ್ತು ಮೇಲಕ್ಕೆ ಬಾಗಿದ್ದರೆ ಈ ದಾರಿಯೊಳಗಿನ ಒತ್ತಡ ಏರುತ್ತದೆ. ರಜ್ಜುಗಳ ಹೊದಿಕೆ ಊದಿಕೊಂಡರಂತೂ ನರಕ್ಕೆ ಜಾಗವೇ ಸಾಲದಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದಲ್ಲಿ ಜೋಮು ಕಾಣಿಸಿಕೊಳ್ಳುವುದು ಇದರಿಂದಲೇ. ಕಿರುಬೆರಳಿನ ಸಂವೇದನೆಯನ್ನು ಬೇರೊಂದು ನರ ನೋಡಿಕೊಳ್ಳುವುದರಿಂದ ಅಲ್ಲಿ ಈ ಜೋಮು ಇರುವುದಿಲ್ಲ.

ಸಾಮಾನ್ಯ ಮೌಸನ್ನು ಹಿಡಿದ ಕೈ ಎರಡು ರೀತಿಯಲ್ಲಿ ದಣಿಯುತ್ತದೆ. ಅಂಗೈ ಕೆಳಮುಖವಾಗಿದ್ದು ಮಣಿಕಟ್ಟು ಮೇಲಕ್ಕೆ ಬಾಗಿರುವುದು ಒಂದು. ಮೌಸನ್ನು ಅತ್ತಿತ್ತ ಸರಿಸುವಾಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಮತ್ತೆ ಮತ್ತೆ ತಿರುಗುವುದು ಇನ್ನೊಂದು.

ಇದು ಹೊಸ ಕಾಲದ ರೋಗವೇನೂ ಅಲ್ಲ. ಕಸುಬುದಾರರ ರೋಗಗಳನ್ನು ಕುರಿತು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಒಂದು ಗ್ರಂಥ ಬರೆದನು. 1713ರ ವಿಸ್ತೃತ ಆವೃತ್ತಿಯಲ್ಲಿ ಬರವಣಿಗೆಯ ಗುಮಾಸ್ತರ ವಿಷಯವನ್ನು ಸೇರಿಸಿ, ಅವರ ಬಾಧೆಗೆ 3 ಕಾರಣಗಳನ್ನು ಹೇಳಿದನು: ಸದಾ ಕುಳಿತಿರುವುದು, ಕೈಯನ್ನು ಎಡೆಬಿಡದೆ ಒಂದೇ ರೀತಿಯಲ್ಲಿ ಆಡಿಸುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ. ನಮ್ಮ ಕಚೇರಿಗಳಲ್ಲಿ ಇಂದಿಗೂ ಈ ಮೂರೂ ಹಾಗೆಯೇ ಇವೆ.

ಟ್ರ್ಯಾಕ್‌ಬಾಲ್ ಎಂದರೇನು?

ಸಾಮಾನ್ಯ ಮೌಸ್‌ನಲ್ಲಿ ಇಡೀ ಉಪಕರಣವೇ ಮೇಜಿನ ಮೇಲೆ ಓಡಾಡಬೇಕು. ಟ್ರ್ಯಾಕ್‌ಬಾಲ್‌ನಲ್ಲಿ ಉಪಕರಣ ಇದ್ದಲ್ಲೇ ಇರುತ್ತದೆ. ಅದರ ಮೇಲಿನ ಗುಂಡನ್ನು ಬೆರಳಿನಿಂದ ಉರುಳಿಸಿದರೆ ಪರದೆಯ ಮೇಲಿನ ಬಾಣ ಚಲಿಸುತ್ತದೆ. ರಾಗಿ ಬೀಸುವ ಕಲ್ಲಿನಲ್ಲಿ ಅಡಿಗಲ್ಲು ಕದಲದೆ ಮೇಲ್ಗಲ್ಲು ಮಾತ್ರ ತಿರುಗುವುದಿಲ್ಲವೇ, ಹಾಗೆ. ತೋಳು, ಮಣಿಕಟ್ಟುಗಳ ಓಡಾಟ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಟ್ರ್ಯಾಕ್‌ಬಾಲ್ ಮೌಸ್‌ಗಿಂತ ಹಳೆಯದು. ಇಂಗ್ಲೆಂಡಿನ ರಾಲ್ಫ್ ಬೆಂಜಮಿನ್ ಎಂಬ ಎಂಜಿನಿಯರ್ ನೌಕಾಪಡೆಗಾಗಿ 1946ರಲ್ಲಿಯೇ ಇದರ ಮೂಲರೂಪವನ್ನು ಯೋಚಿಸಿದನು. 1952ರ ಹೊತ್ತಿಗೆ ಕೆನಡಾದ ನೌಕಾಪಡೆಯ ಯೋಜನೆಯೊಂದರಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಇಟ್ಟು ಇಂತಹ ಸಾಧನ ಮಾಡಿದರು. ಅಮೆರಿಕದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್‌ನ ತಂಡ ಮರದ ಮೊದಲ ಮೌಸನ್ನು ಮಾಡಿದ್ದು 1964ರಲ್ಲಿ.

ಆಯ್ಕೆ: ನೋವು ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು

ಟ್ರ್ಯಾಕ್‌ಬಾಲ್ ಕೊಂಡ ಮಾತ್ರಕ್ಕೆ ನೋವು ಹೋಗುವುದಿಲ್ಲ. ಅದು ಕೆಲಸವನ್ನು ಇಲ್ಲವಾಗಿಸುವುದಿಲ್ಲ. ಮಣಿಕಟ್ಟಿನಿಂದ ತೆಗೆದು ಬೆರಳಿಗೆ ಕೊಡುತ್ತದೆ, ಅಷ್ಟೆ. ಆದುದರಿಂದ ಯಾವ ಬೆರಳಿಗೆ ಕೊಡುತ್ತಿದ್ದೇವೆ ಎಂಬುದೇ ಮುಖ್ಯವಾದ ಪ್ರಶ್ನೆ. ಕುಡುಗೋಲು ಕೊಳ್ಳುವ ರೈತ ಹಿಡಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತಾನೆ. ಇಲ್ಲಿಯೂ ಹಾಗೆಯೇ ಮಾಡಬೇಕು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹೆಬ್ಬೆರಳಿನಿಂದ ಉರುಳಿಸುವಂಥದು. ಗುಂಡು ಪಕ್ಕದಲ್ಲಿರುತ್ತದೆ, ಗುಂಡಿಗಳು ಸಾಮಾನ್ಯ ಮೌಸಿನಂತೆಯೇ ಇರುತ್ತವೆ. ರೂಢಿ ಮಾಡಿಕೊಳ್ಳುವುದು ಸುಲಭ. ಲಾಜಿಟೆಕ್ ಕಂಪನಿಯ ಎರ್ಗೊ ಎಂ575 ಈ ಬಗೆಯದು. ಅದರ ಗುಂಡಿನ ಅಳತೆ 34 ಮಿ.ಮೀ. ಎರಡನೆಯದು ನಡುವೆ ದೊಡ್ಡ ಗುಂಡಿದ್ದು ತೋರುಬೆರಳು, ನಡುಬೆರಳುಗಳಿಂದ ಉರುಳಿಸುವಂಥದು. ಕೆನ್ಸಿಂಗ್ಟನ್ ಕಂಪನಿಯ ಎಕ್ಸ್‌ಪರ್ಟ್ ಮೌಸ್ ಈ ಬಗೆಯದು. ಅದರ ಗುಂಡು 55 ಮಿ.ಮೀ. ಎರಡೂ ಬದಿ ಒಂದೇ ಸಮನಾಗಿರುವುದರಿಂದ ಇದನ್ನು ಎಡಗೈಯಲ್ಲೂ ಬಳಸಬಹುದು. ಹೆಸರುಗಳನ್ನು ಗುರುತಿಗಾಗಿ ಹೇಳಿದ್ದೇವೆ, ಪ್ರಚಾರಕ್ಕಾಗಿ ಅಲ್ಲ.

ಮಣಿಕಟ್ಟು, ಮುಂದೋಳು, ಭುಜಗಳಲ್ಲಿ ದಣಿವಿದ್ದು ಹೆಬ್ಬೆರಳು ಆರೋಗ್ಯವಾಗಿದ್ದರೆ ಎರಡರಲ್ಲಿ ಯಾವುದೂ ಆಗಬಹುದು. ಆದರೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಆ ಬದಿಯಲ್ಲಿ ನೋವಿರುವವರು ಮೊದಲನೆಯ ಬಗೆಯನ್ನು ಕೊಳ್ಳಲೇಬಾರದು. ಅಲ್ಲಿನ ರಜ್ಜುಗಳ ಹೊದಿಕೆ ಊದಿಕೊಳ್ಳುವ ತೊಂದರೆಯನ್ನು ಡಿ ಕ್ವರ್ವೇನ್ ರೋಗ ಎನ್ನುತ್ತಾರೆ. ಹಸುಗೂಸನ್ನು ಪದೇ ಪದೇ ಎತ್ತಿಕೊಳ್ಳುವ ಬಾಣಂತಿಯರಲ್ಲಿ ಇದು ಹೆಚ್ಚು. ದಿನವಿಡೀ ಹೆಬ್ಬೆರಳಿನಿಂದ ಗುಂಡು ಉರುಳಿಸಿ, ಸಂಜೆ ಅದೇ ಬೆರಳಿನಿಂದ ಮೊಬೈಲ್ ಒತ್ತುತ್ತಾ ಕುಳಿತರೆ ಇದು ಉಲ್ಬಣಿಸುತ್ತದೆ. ಅಂತಹವರಿಗೆ ದೊಡ್ಡ ಗುಂಡಿನದೇ ಒಳ್ಳೆಯದು.

ಕೊಳ್ಳುವ ಮುನ್ನ ಕೈಯಿಟ್ಟು ನೋಡಬೇಕು. ಅಂಗೈ ಆರಾಮವಾಗಿ ಕೂರಬೇಕು; ಬೆರಳು ಚಾಚದೆ ಗುಂಡೂ ಗುಂಡಿಗಳೂ ಸಿಗಬೇಕು; ಮಣಿಕಟ್ಟು ಮೇಲಕ್ಕೆ ಬಾಗಬಾರದು. ದೊಡ್ಡ ಗುಂಡಿನ ಸಾಧನ ಎತ್ತರವಾಗಿರುವುದರಿಂದ ಅದಕ್ಕೆ ಅಂಗೈ ಊರುವ ಮೆತ್ತೆ ಬೇಕಾಗುತ್ತದೆ. ನಮ್ಮ ಊರುಗಳ ಅಂಗಡಿಗಳಲ್ಲಿ ಇವು ಸುಲಭವಾಗಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಬಹುದು. ಬೆಲೆ ಸಾಮಾನ್ಯ ಮೌಸ್‌ಗಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ಸಹೋದ್ಯೋಗಿಯ ಬಳಿ ಇದ್ದರೆ ಒಂದೆರಡು ದಿನ ಬಳಸಿ ನೋಡಿ ನಿರ್ಧರಿಸುವುದು ಲೇಸು.

ಕೊಳ್ಳುವ ಶಕ್ತಿ ಇಲ್ಲದವರು ಚಿಂತಿಸಬೇಕಾಗಿಲ್ಲ. ಇರುವ ಮೌಸನ್ನೇ ಕೀಲಿಮಣೆಗೆ ಹತ್ತಿರ ತಂದು, ಬಾಣದ ವೇಗವನ್ನು ಹೆಚ್ಚಿಸಿ, ಮಣಿಕಟ್ಟಿನ ಬದಲು ಮೊಣಕೈಯಿಂದ ಆಡಿಸುವುದನ್ನು ರೂಢಿಸಿಕೊಂಡರೂ ಬಹಳಷ್ಟು ಭಾರ ಇಳಿಯುತ್ತದೆ.

ಮೇಜಿನ ಮೇಲೆ ಇಡುವ ಬಗೆ

ಕಚೇರಿಗಳ ಮರದ ಮೇಜುಗಳು ಬರೆಯುವುದಕ್ಕಾಗಿ ಮಾಡಿದವು, ಅನೇಕರಿಗೆ ಎತ್ತರವಾಗುತ್ತವೆ. ಕುರ್ಚಿಯ ಮೇಲೆ ಮಡಿಸಿದ ಜಮಖಾನ ಹಾಕಿ, ಕಾಲ ಕೆಳಗೆ ಒಂದು ಹಲಗೆ ಇಟ್ಟುಕೊಂಡರೆ ಮೊಣಕೈ ಮೇಜಿನ ಮಟ್ಟಕ್ಕೆ ಬರುತ್ತದೆ. ಮುಂದೋಳು ಮೇಜಿನ ಮೇಲೆ ಊರಿರಲಿ, ಆದರೆ ಮೇಜಿನ ಅಂಚು ಮಣಿಕಟ್ಟನ್ನು ಒತ್ತದಿರಲಿ. ಟ್ರ್ಯಾಕ್‌ಬಾಲ್ ಕೀಲಿಮಣೆಯ ಪಕ್ಕದಲ್ಲೇ, ಅದೇ ಮಟ್ಟದಲ್ಲಿರಲಿ.

ಮೊದಲ ಕೆಲವು ದಿನ ಬಾಣ ಹೇಳಿದ ಕಡೆ ನಿಲ್ಲುವುದಿಲ್ಲ, ಕೆಲಸ ನಿಧಾನವಾಗುತ್ತದೆ. ಪಹಣಿ, ವೇತನಪಟ್ಟಿಗಳಂತಹ ತುರ್ತು ಕೆಲಸದ ದಿನದಲ್ಲಿ ಇದನ್ನು ಆರಂಭಿಸಬೇಡಿ. ದಿನಕ್ಕೆ ಒಂದು ಗಂಟೆಯಂತೆ ಬಳಸಿ, ಉಳಿದ ಹೊತ್ತು ಹಳೆಯ ಮೌಸಿನಲ್ಲಿ ಕೆಲಸ ಮಾಡಿ. ವಾರ ಎರಡು ವಾರಗಳಲ್ಲಿ ಕೈ ಪಳಗುತ್ತದೆ. ಗುಂಡಿ ಒತ್ತಿಹಿಡಿದು ಎಳೆಯುವ ಕೆಲಸ ಟ್ರ್ಯಾಕ್‌ಬಾಲ್‌ನಲ್ಲಿ ಕಷ್ಟ; ಅದನ್ನು ಕೀಲಿಮಣೆಯಿಂದಲೇ ಮಾಡುವುದನ್ನು ಕಲಿಯಿರಿ.

ಆರೈಕೆ

ಟ್ರ್ಯಾಕ್‌ಬಾಲ್ ಸ್ವಚ್ಛವಾಗಿಲ್ಲದಿದ್ದರೆ ಗುಂಡು ತೊಡರುತ್ತದೆ. ತೊಡರಿದ ಗುಂಡನ್ನು ಬೆರಳು ಬಲವಾಗಿ ತಳ್ಳುತ್ತದೆ. ನೋವನ್ನು ಕಳೆಯಲು ತಂದ ಸಾಧನವೇ ಆಗ ನೋವನ್ನು ತರುತ್ತದೆ. ಆದುದರಿಂದ ವಾರಕ್ಕೊಮ್ಮೆ, ತಪ್ಪಿದರೆ ಎರಡು ವಾರಕ್ಕೊಮ್ಮೆ ಹೀಗೆ ಮಾಡಬೇಕು.

1. ತಂತಿಯಿದ್ದರೆ ಕಳಚಿ, ಸೆಲ್ ಇದ್ದರೆ ಸ್ವಿಚ್ ಆರಿಸಿ.

2. ಮೇಜಿನ ಮೇಲೆ ಬಟ್ಟೆ ಹಾಸಿ ಗುಂಡನ್ನು ತೆಗೆಯಿರಿ. ಹೆಬ್ಬೆರಳಿನ ಬಗೆಯದರಲ್ಲಿ ತಳಭಾಗದ ರಂಧ್ರದಿಂದ ಪೆನ್ಸಿಲ್ಲಿನ ಮೊಂಡು ತುದಿಯಿಂದ ತಳ್ಳಿದರೆ ಗುಂಡು ಹೊರಬರುತ್ತದೆ. ದೊಡ್ಡ ಗುಂಡಿನದನ್ನು ಮಗುಚಿದರೆ ಗುಂಡು ತಾನಾಗಿ ಬೀಳುತ್ತದೆ, ಕೈಯೊಡ್ಡಿ ಹಿಡಿಯಿರಿ. ಕಲ್ಲಿನ ನೆಲಕ್ಕೆ ಬಿದ್ದು ಗೀರು ಬಿದ್ದ ಗುಂಡು ಮತ್ತೆ ನುಣುಪಾಗಿ ಉರುಳದು.

3. ಗುಂಡನ್ನು ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಿರಿ. ಸೋಪಿನ ಪುಡಿ, ಪಾತ್ರೆ ಉಜ್ಜುವ ನಾರು ಬೇಡ.

4. ಗುಂಡು ಕೂರುವ ಗುಳಿಯಲ್ಲಿ ಸಾಸಿವೆ ಕಾಳಿನಂತಹ 3 ಮಣಿಗಳಿರುತ್ತವೆ. ಗುಂಡು ನಿಲ್ಲುವುದು ಇವುಗಳ ಮೇಲೆಯೇ. ಬೆವರು, ಧೂಳು ಸೇರಿ ಬೂದುಬಣ್ಣದ ಜಿಡ್ಡು ಇವುಗಳ ಸುತ್ತ ಕಟ್ಟುತ್ತದೆ. ಕಿವಿಗೆ ಬಳಸುವಂತಹ ಹತ್ತಿಕಡ್ಡಿಯಿಂದ ಅದನ್ನು ತೆಗೆಯಿರಿ. ಗಟ್ಟಿಯಾಗಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕಡ್ಡಿಯನ್ನು ತುಸು ಅದ್ದಿಕೊಳ್ಳಿ. ಸೂಜಿ, ಬ್ಲೇಡು, ಪೆಟ್ರೋಲ್, ಥಿನ್ನರ್ ಸರ್ವಥಾ ಕೂಡದು.

5. ಗುಳಿಯಲ್ಲಿರುವ ಸಣ್ಣ ಗಾಜಿನ ಕಿಂಡಿಯನ್ನು ಒಣ ಹತ್ತಿಕಡ್ಡಿಯಿಂದ ಮೃದುವಾಗಿ ಒರೆಸಿ. ಬಾಯಿಂದ ಊದಿದರೆ ಎಂಜಲ ಹನಿ ಅಂಟುತ್ತದೆ.

6. ಎಲ್ಲವೂ ಒಣಗಿದ ಮೇಲೆ ಗುಂಡನ್ನು ಕೂರಿಸಿ. ತೊಳೆದ ಗುಂಡು ಮೊದಲು ಸ್ವಲ್ಪ ಬಿಗಿಯೆನಿಸುತ್ತದೆ. ಶುಭ್ರವಾದ ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಸರಿಹೋಗುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ. ಧೂಳು ಇನ್ನಷ್ಟು ಹಿಡಿಯುತ್ತದೆ.

ಭಕ್ತರಿಗೆ ಇನ್ನೊಂದು ಸೂಚನೆ. ಪೂಜೆ ಮುಗಿಸಿ ವಿಭೂತಿ ಧರಿಸಿದ ಕೈಯಲ್ಲಿಯೇ ಟ್ರ್ಯಾಕ್‌ಬಾಲ್ ಮುಟ್ಟಬೇಡಿ. ಆ ನುಣುಪಾದ ಪುಡಿ ಬೆವರಿನೊಡನೆ ಸೇರಿ ಮಣಿಗಳ ಸುತ್ತ ಗಟ್ಟಿಯಾಗಿ ಕೂರುತ್ತದೆ. ಕೈ ತೊಳೆದು ಒರೆಸಿಕೊಂಡು ಕಾಯಕಕ್ಕೆ ಕೂರುವುದು ಸರಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಧೂಳು ಹೆಚ್ಚು. ಸಂಜೆ ಹೊರಡುವಾಗ ಒಂದು ಕರವಸ್ತ್ರ ಮುಚ್ಚಿಟ್ಟರೆ ಅರ್ಧ ಆರೈಕೆ ಆದಂತೆ. ವಾರಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಅದು ಸೋರಿ ಒಳಭಾಗ ಕೆಡಬಹುದು.

ಉಪಕರಣಕ್ಕೆ ಮೀರಿದ ಮಾತು

ಯಾವ ಉಪಕರಣವೂ ವಿಶ್ರಾಂತಿಗೆ ಬದಲಿಯಲ್ಲ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಕೈಬಿಟ್ಟು, ಬೆರಳುಗಳನ್ನು ಬಿಡಿಸಿ ಮಡಿಸಿ, ಭುಜಗಳನ್ನು ಸಡಿಲಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಜೋಮಿಗೆ ಮೌಸ್ ಒಂದೇ ಕಾರಣವೆಂದೂ ತಿಳಿಯಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ, ಗರ್ಭಿಣಿಯ ಸ್ಥಿತಿ ಇವುಗಳಲ್ಲಿಯೂ ಇದೇ ನರ ಒತ್ತಡಕ್ಕೆ ಸಿಗುತ್ತದೆ. ರಾತ್ರಿ ಜೋಮಿನಿಂದ ಎಚ್ಚರವಾಗುವುದು ವಾರಗಟ್ಟಲೆ ಮುಂದುವರಿದರೆ, ಕೈಯಿಂದ ಲೋಟ ಜಾರತೊಡಗಿದರೆ, ಅಂಗಿಯ ಗುಂಡಿ ಹಾಕಲು ಬಾರದಾದರೆ, ಹೆಬ್ಬೆರಳಿನ ಬುಡದ ಉಬ್ಬು ಇಳಿದು ಚಪ್ಪಟೆಯಾದಂತೆ ಕಂಡರೆ ತಡಮಾಡಬಾರದು. ಉಬ್ಬು ಇಳಿಯುವುದು ನರಕ್ಕೆ ಪೆಟ್ಟಾಗಿ ಮಾಂಸಖಂಡ ಸೊರಗಿದ ಗುರುತು. ಆ ಹಂತ ಮೀರಿದರೆ ಶಸ್ತ್ರಚಿಕಿತ್ಸೆಯಿಂದಲೂ ಪೂರ್ಣ ಬಲ ಮರಳದೆ ಹೋಗಬಹುದು. ಮೊದಲ ಹಂತದಲ್ಲಿಯೇ ಬಂದವರಿಗೆ ರಾತ್ರಿ ಮಣಿಕಟ್ಟನ್ನು ನೆಟ್ಟಗಿಡುವ ಪಟ್ಟಿಯಂತಹ ಸರಳ ಉಪಾಯವೇ ಅನೇಕ ವೇಳೆ ಸಾಕಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯ ಬಿದ್ದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ತಮಕದ ಜಾಲಪ್ಪ ಆಸ್ಪತ್ರೆಗಳಿಗೆ ಹೋಗಬಹುದು. ನೋಯುವ ಮಣಿಕಟ್ಟನ್ನು ಎಳೆದು ನೆಟಿಕೆ ತೆಗೆಸುವುದು ಮಾತ್ರ ಬೇಡ.

ಕಚೇರಿ, ಕಾರ್ಖಾನೆಗಳಲ್ಲಿ ಮೇಲಿನ ಸ್ಥಾನದಲ್ಲಿರುವ ಭಕ್ತರಿಗೂ ನಮ್ಮದೊಂದು ಬಿನ್ನಹ. ನಿಮ್ಮ ಕೈಕೆಳಗಿನವರು ಕೈನೋವೆಂದರೆ ಅದನ್ನು ಸೋಮಾರಿತನವೆಂದು ಎಣಿಸಬೇಡಿ. ಸರಿಯಾದ ಎತ್ತರದ ಒಂದು ಕುರ್ಚಿ, ಕೈಗೊಪ್ಪುವ ಒಂದು ಸಾಧನ, ನಡುವೆ ಎರಡು ನಿಮಿಷದ ಬಿಡುವು ಕೊಡುವುದೂ ದಾಸೋಹವೇ. ಹೇಳಿಕೊಳ್ಳಲು ಅಂಜುವ ಕೈಗಳಿಗೆ ಆ ಧೈರ್ಯವನ್ನು ಕೊಡುವುದು ನಿಮ್ಮಿಂದ ಆಗಬೇಕು.

ಎಡ ಅಂಗೈ ಇಷ್ಟಲಿಂಗಕ್ಕೆ ಪೀಠ, ಬಲಗೈ ಅದನ್ನು ಪೂಜಿಸುವ ಕೈ. ಇದೇ ಎರಡು ಕೈಗಳು ಮನೆಯ ಅನ್ನವನ್ನೂ ದುಡಿಯುತ್ತವೆ. ಅವು ಕೊಡುವ ಮೊದಲ ಸೂಚನೆಯನ್ನು ಅಲಕ್ಷಿಸದೆ, ಸಾಧನವನ್ನು ಅರಿತು ಆರಿಸಿ, ಶುಚಿಯಾಗಿಟ್ಟುಕೊಂಡು ಕಾಯಕವನ್ನು ಮುಂದುವರಿಸೋಣ.